ಅಂಟು ಸವೆದ ಜೋಡಿ

ಹುಬ್ಬಳ್ಳಿ, ೨೦೬೯. ಪರದೆಯ ಮೇಲೆ ಸಿಂಚನಾಳ ಕೊನೆಯ ಅಂಡಾಣು ಎರಡಾಗಲು ಸಿದ್ಧವಾಗಿತ್ತು. ವರ್ಣತಂತುಗಳು ಜೋಡಿಜೋಡಿಯಾಗಿ ನಡುವೆ ಸೇರಿದ್ದವು. ಕೋಶದ ಎರಡು ತುದಿಗಳಿಂದ ಹೊರಟ ಸೂಕ್ಷ್ಮನಾಳಿಕೆಗಳು, ಅಂದರೆ ಕೂದಲಿಗಿಂತ ಸಾವಿರಾರು ಪಟ್ಟು ಸಪೂರವಾದ ಪ್ರೋಟೀನಿನ ಎಳೆಗಳು, ಅವನ್ನು ಹಿಡಿಯುತ್ತಿದ್ದವು. ಜೋಡಿಯಲ್ಲಿ ಒಂದನ್ನು ಈ ತುದಿ, ಇನ್ನೊಂದನ್ನು ಆ ತುದಿ ಎಳೆಯಬೇಕು. ಒಂದು ಜೋಡಿಯ ಎರಡನ್ನೂ ಒಂದೇ ತುದಿ ಹಿಡಿದಿತ್ತು. ಯಂತ್ರದ ಬೆಳಕಿನ ಚಿಮಟ ತಪ್ಪು ಎಳೆಯನ್ನು ಬಿಡಿಸಿತು; ಎದುರಿನ ಎಳೆ ಬಂದು ಕಚ್ಚಿಕೊಂಡಿತು.

"ಸರಿ ಆತೇನ್ರಿ ಮೆಣಸಿನಕಾಯಿ ಡಾಕ್ಟ್ರ?" ಎಂದಳು ಸಿಂಚನಾಳ ತಾಯಿ ಪ್ರೇಮವ್ವ. "ಹೆಸರು ಖಾರ ಇದ್ರೂ ಕೈ ಸಿಹಿ ಐತಿ ನೋಡ್ರಿ."

ಯಂತ್ರ ಕಟ್ಟಿದ ಡಾ. ತೇಜಸ್ ಮೆಣಸಿನಕಾಯಿ ನಗಲಿಲ್ಲ. ಇನ್ನೊಂದು ಜೋಡಿ ಆಗಲೇ ಬಿಚ್ಚಿಕೊಂಡು ಎರಡೂ ಬೇರೆಬೇರೆ ತೇಲುತ್ತಿದ್ದವು.

"ಇಲ್ರಿ ಅವ್ವಾರ. ಜೋಡಿ ಹಿಡಿದಿಡೋ ಅಂಟು ವಯಸ್ಸಾದಂಗ ಸವೀತೈತಿ. ತಪ್ಪು ಹಿಡಿತ ಬಿಡಸಬಹುದು, ಅಂಟು ಹಚ್ಚಾಕ ಬರಂಗಿಲ್ಲ. ಇದ್ರಿಂದ ಕೂಸು ಉಳಿಯಂಗಿಲ್ಲ."

ನಲವತ್ತಾರರ ಸಿಂಚನಾ ಪರದೆಯನ್ನೇ ನೋಡುತ್ತಿದ್ದಳು.

"ನೀವ ಹೇಳಿದ್ರಲ್ಲ ಸರ, ಇನ್ನ ಕೂಸು ಹಡ್ಯಾಕ ವಯಸ್ಸಿನ ಅವಸರ ಇಲ್ಲಂತ? ನಮ್ಮ ಬ್ಯಾಟರಿ ಫ್ಯಾಕ್ಟರಿ ಕ್ಯಾಂಟೀನಿನಾಗ ನಿಮ್ಮ ಫೋಟೋದ ಕೆಳಗ ಬರದು ಹಾಕ್ಯಾರ. ಅದನ್ನ ನೋಡಕೋತ ಹದಿನೈದು ವರ್ಷ ಉಂಡೇನಿ."

ತೇಜಸ್ ಹೇಳಿದ್ದು ನಿಜ. 'ಕೆಲವರಿಗೆ ಮಾತ್ರ' ಎಂದೂ ಸೇರಿಸಿದ್ದ. ಕಂಪನಿಯವರು ಅದನ್ನು ಕತ್ತರಿಸಿ ಬಿಸಾಕಿ, ಹೆರಿಗೆ ರಜೆಯನ್ನು ನಲವತ್ತೈದು ವರ್ಷ ವಯಸ್ಸಿನ ಆಚೆಗೆ ತಳ್ಳಿದರು. ಅದಕ್ಕೆ ಮೊದಲು ಬಸುರಾದವಳಿಗೆ ಕೆಲಸವಿಲ್ಲ. ಊರಿನ ಉಳಿದ ಕಂಪನಿಗಳೂ ಹಾಗೇ ಮಾಡಿದವು. ಈ ಮನುಷ್ಯ ಆಗ ಬಾಯಿ ಬಿಡಲಿಲ್ಲ. ಅವರೇ ಹೊದಿಸಿದ ಸನ್ಮಾನದ ಶಾಲು ಹೊದ್ದು ಕುಳಿತಿದ್ದ.

"ಮೂವತ್ತಕ್ಕ ಕರ್ಕೊಂಡು ಬಂದಿದ್ರ?" ಪ್ರೇಮವ್ವ ಕೇಳಿದಳು.

"ಬರೋದ ಬೇಕಿದ್ದಿಲ್ಲೇನೋ. ಈ ಯಂತ್ರನೂ ಬೇಕಿದ್ದಿಲ್ಲ."

ಪ್ರೇಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿಂಚನಾ ಎದ್ದು ನಿಂತಳು. ಪಾಳಿಯ ಬಸ್ಸಿಗೆ ಹೊತ್ತಾಗಿತ್ತು.

"ನಾನು ಹೊಟ್ಟ್ಯಾಗಿದ್ದಾಗ ನಮ್ಮವ್ವನ್ನ ಗಾರ್ಮೆಂಟ್ಸಿನಿಂದ ತಗದ್ರು, ಸರ," ಎಂದಳು. "ಆಗ ಅವರು ಏನರ ಒಂದು ನೆವ ಹುಡುಕಬೇಕಾಗ್ತಿತ್ತು. ಈಗ ನಿಮ್ಮ ಹೆಸರು ಹೇಳ್ತಾರ."