ವಿಶ್ ಅಂದರೆ ಬರೀ ಆಸೆಯಲ್ಲ

"ನಗಬ್ಯಾಡ್ರಿ ಮೇಡಂ! ಇಂಗ್ಲಿಷ್ ಬರಲ್ಲ ಅಂತಾನೇ ಕಲಿಯಾಕೆ ಬಂದೀನಿ..."

ಇಡೀ ಕ್ಲಾಸು ತಿರುಗಿ ನೋಡಿತು. ಸಂಘಮಿತ್ರಾಳ ನಗು ತುಟಿಯಲ್ಲೇ ನಿಂತಿತು.

ಬಿಳಿಚೋಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದ ಅವಳು ಭಾನುವಾರ ಜಗಳೂರಿನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಎದುರಿಗೆ ನಿಂತಿದ್ದವನು ಟ್ರ್ಯಾಕ್ಟರ್ ಮೆಕ್ಯಾನಿಕ್ ಸಿದ್ದೇಶ್. ಅವನ ಕಣ್ಣಲ್ಲಿದ್ದ ನೋವು ಕಂಡು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ತಪ್ಪಾಯ್ತು ರೀ... ಕೂತ್ಕೊಳ್ರಿ."

ಅಂದಿನಿಂದ ಅವನು ದಿನಕ್ಕೊಂದು ಇಂಗ್ಲಿಷ್ ವಾಕ್ಯ ಬರೆದು ವಾಟ್ಸಾಪ್‌ನಲ್ಲಿ ಕಳಿಸತೊಡಗಿದ. ಅವಳು ತಿದ್ದುತ್ತಿದ್ದಳು. ಮೊದಮೊದಲು ಇಂಜಿನ್, ಗೇರು, ಡೀಸೆಲ್... ಬರುಬರುತ್ತಾ ಅವ್ವನ ಮಂಡಿನೋವು, ತಾನು ಓದು ಬಿಟ್ಟ ವರ್ಷ. ಎಂಟು ತಿಂಗಳಲ್ಲಿ ಆ ಮೆಸೇಜು ಬಾರದಿದ್ದರೆ ಅವಳಿಗೆ ಊಟ ಸೇರದಂತಾಯಿತು.

ಒಂದು ಸಂಜೆ ಬಂದ ವಾಕ್ಯ: "ಐ ವಿಶ್ ಐ ಕುಡ್ ಮ್ಯಾರಿ ಯು."

ತಿದ್ದಲು ಒಂದು ತಪ್ಪೂ ಇರಲಿಲ್ಲ! ಅದಕ್ಕೇ ಅವಳ ಎದೆ ಒಡೆಯಿತು.

'ನಿನ್ನನ್ನು ಮದುವೆಯಾಗುವ ಹಾಗಿದ್ದಿದ್ದರೆ... ಅಂದರೆ, ಆಗುವುದಿಲ್ಲ. ಮನೆಯಲ್ಲಿ ಬೇರೆ ಹುಡುಗಿ ನೋಡಿರಬೇಕು...'

ಅವಳು ಉತ್ತರಿಸಲಿಲ್ಲ. ಎರಡು ಭಾನುವಾರ ಕ್ಲಾಸಿಗೂ ಹೋಗಲಿಲ್ಲ. ಹೊನ್ನಾಳಿಗೆ ವರ್ಗ ಕೇಳಿ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು.

ಸೋಮವಾರ ಶಾಲೆ ಬಿಟ್ಟಾಗ ಗೇಟಿನ ಬಳಿ ಅವನು ನಿಂತಿದ್ದ. ಕೈಗೆ ಮೆತ್ತಿದ ಗ್ರೀಸ್ ಕೂಡ ತೊಳೆದಿರಲಿಲ್ಲ.

"ಒಲ್ಲೆ ಅಂದ್ರೆ ಒಲ್ಲೆ ಅನ್ರಿ ಮೇಡಂ. ಹಿಂಗೆ ಸುಮ್ಮನಿರಬ್ಯಾಡ್ರಿ, ತಡಕೊಳ್ಳಾಕೆ ಆಗ್ತಿಲ್ಲ!"

"ಆಗಲ್ಲ ಅಂತ ಬರ್ದವ್ರು ನೀವು!"

"ನಾನಾ? ಆಸೆ ಐತೆ ಅಂತ ಬರ್ದೆ! ವಿಶ್ ಅಂದ್ರೆ ಆಸೆ ಅಲ್ವೇನ್ರಿ? ತಪ್ಪಾಗಬಾರ್ದು ಅಂತ ಪುಸ್ತಕ ನೋಡಿ ಬರ್ದೀನಿ..."

ಅವಳ ಕಣ್ಣು ತುಂಬಿ ಬಂತು.

"ಆಸೆನೇ... ಆದ್ರೆ ಹಂಗೆ ಬರೆದ್ರೆ, ಕೈಗೂಡದ ಆಸೆ. ಆಗ್ತೈತೆ ಅಂತ ನಂಬಿಕೆ ಇದ್ರೆ ಹೋಪ್ ಅನ್ಬೇಕು."

ಸಿದ್ದೇಶ್ ತಲೆ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ! ಹೋಪೇ ರೀ ನಂದು! ಅವ್ವಂಗೂ ಹೇಳೀನಿ. 'ಮೊದ್ಲು ಆ ಹುಡುಗೀನ ಕೇಳು' ಅಂದ್ಳು."

ಸಂಘಮಿತ್ರಾ ಅಳುತ್ತಲೇ ನಕ್ಕಳು. ಬ್ಯಾಗಿನಿಂದ ಅರ್ಜಿ ತೆಗೆದು ಅವನೆದುರೇ ಹರಿದಳು.

"ಉತ್ತರ ಹೇಳ್ರಿ ಮೇಡಂ..."

"ಮೇಡಂ ಅನ್ನೋರಿಗೆ ನಾನು ಉತ್ತರ ಕೊಡಲ್ಲ."

ಅವನು ತಡವರಿಸಿದ. "ಸಂಘಮಿತ್ರಾ..."

"ಹೂಂ. ನಾಳೆ ನಮ್ಮಪ್ಪನ್ನ ಕೇಳಾಕೆ ಬರ್ರಿ. ಆದ್ರೆ ಕನ್ನಡದಾಗೇ ಕೇಳ್ರಿ!"