ಒಂಬತ್ತು ಹಂಪುಗಳ ದಾರಿ

ನೂರ ಹನ್ನೆರಡು ಸಹಿ. ಅಷ್ಟನ್ನೂ ಸಣ್ಣಿ ಒಬ್ಬಳೇ ಮನೆ ಮನೆ ಬಾಗಿಲು ತಟ್ಟಿ ಹಾಕಿಸಿಕೊಂಡು ಬಂದಿದ್ದಳು. ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳ ಹತ್ತಿರ ಅಳತೆ ಬಿಟ್ಟು ಬೇರೆ ಮಾತಾಡದವಳು ನೂರ ಹನ್ನೆರಡು ಸಲ ಅದೇ ಮಾತನ್ನು ಹೇಳಿದ್ದಳು: ಶಾಲೆ ಮುಂದೆ ರಸ್ತೆಗೆ ಅಡ್ಡ ಒಂದು ಹಂಪು ಹಾಕಿಸಬೇಕು, ಕಾರುಗಳು ಹಾರಿಕೊಂಡು ಹೋಗುತ್ತಿವೆ.

ಮನೆಯಲ್ಲಿ ಮಾತ್ರ ಅವಳು ಸಣ್ಣಿ. ಬೀದಿಗೆಲ್ಲ ಟೈಲರ್ ಹುಡುಗಿ. ಎಂಟನೇ ಕ್ಲಾಸಿಗೆ ಪುಸ್ತಕ ಮುಚ್ಚಿ ಮೆಷಿನ್ ಮುಂದೆ ಕೂತವಳು. ಅಂಗಡಿ ಶಾಲೆಯ ಗೇಟಿಗೆ ಎದುರು. ನಡುವೆ ನೇರವಾದ, ಹೊಸ ಡಾಂಬರಿನ ರಸ್ತೆ. ಮೂರು ತಿಂಗಳ ಹಿಂದೆ ಅದೇ ರಸ್ತೆಯಲ್ಲಿ ಒಂದು ಕಾರು ಅವಳ ಅಮ್ಮನಿಗೆ ಹೊಡೆದು, ನಿಲ್ಲದೆ ಹೋಗಿತ್ತು. ಸಣ್ಣಿ ದಾರ ತರಲು ಪೇಟೆಗೆ ಹೋಗಿದ್ದಳು. ಅವಳು ಬರುವ ಹೊತ್ತಿಗೆ ಆಂಬುಲೆನ್ಸ್ ಅಮ್ಮನನ್ನೂ ಜೊತೆಗೆ ಹೊರಟ ಅಕ್ಕನ ಗಂಡನನ್ನೂ ಹತ್ತಿಸಿಕೊಂಡು ಹೊರಟುಹೋಗಿತ್ತು. ಡಾಂಬರಿನ ಮೇಲೆ ಅಮ್ಮನ ಒಂದು ಚಪ್ಪಲಿ ಬಿದ್ದಿತ್ತು. ಅವತ್ತಿನಿಂದ ಅಮ್ಮ ಹಾಸಿಗೆಯಲ್ಲೇ.

ಭಾನುವಾರ ಹತ್ತು ಗಂಟೆಗೆ ಬಡಾವಣೆಯ ಸಮಿತಿ ಸಭೆ, ವಾಚನಾಲಯದ ಮಹಡಿಯಲ್ಲಿ. ಬೀದಿನಾಯಿಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಯಿತು. ಪಾರ್ಕಿನ ಕೆಟ್ಟ ದೀಪಕ್ಕೆ ಇಪ್ಪತ್ತು ನಿಮಿಷ. ಸಣ್ಣಿಯ ಅರ್ಜಿ ಬಂದಾಗ ಕೆಲವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅಧ್ಯಕ್ಷರು ಕನ್ನಡಕ ಏರಿಸಿ ಓದಿ, ಯಾರದ್ದಾದರೂ ಆಕ್ಷೇಪ ಉಂಟೇ ಎಂದು ಸುಮ್ಮನೆ ವಾಡಿಕೆಗೆ ಕೇಳಿದರು.

"ಹಂಪು ಬೇಡ ಸರ್."

ಎಲ್ಲರೂ ತಿರುಗಿದರು. ಹಿಂದಿನ ಸಾಲಿನಲ್ಲಿ ಬಿಳಿ ಯೂನಿಫಾರ್ಮಿನ ಒಬ್ಬ ಎದ್ದು ನಿಂತಿದ್ದ. ಸಣ್ಣಿಯ ಕಣ್ಣಿಗೆ ಮೊದಲು ಬಿದ್ದದ್ದು ಅವನ ಅಂಗಿ. ಜೇಬು ಒಂದು ಮೂಲೆಯಲ್ಲಿ ಬಿಟ್ಟುಕೊಂಡು ಜೋಲುತ್ತಿತ್ತು. ಮೂರನೇ ಗುಂಡಿಯ ಬಣ್ಣವೇ ಬೇರೆ.

ತಾನು ಆಂಬುಲೆನ್ಸ್ ಓಡಿಸುವವನು ಎಂದ. ಇಲ್ಲಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಗಲೇ ಒಂಬತ್ತು ಹಂಪು ಇವೆ, ಮೂಳೆ ಮುರಿದವರಿಗೆ ಒಂದೊಂದು ಹಂಪಿನಲ್ಲೂ ಅದು ಮತ್ತೆ ಮುರಿದ ಹಾಗಾಗುತ್ತದೆ, ಹತ್ತನೆಯದಕ್ಕೆ ತಾನು ಒಪ್ಪುವುದಿಲ್ಲ ಎಂದ. ದನಿ ಏರಿಸಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು.

ಅಧ್ಯಕ್ಷರ ಮುಖ ಹಗುರಾಯಿತು. "ನೋಡಮ್ಮ, ಜೀವ ಉಳಿಸೋರೇ ಬೇಡ ಅಂತಿದಾರೆ. ಮುಂದಿನ ಭಾನುವಾರ ನೋಡೋಣ ಬಿಡು."

ಸಣ್ಣಿ ಎದ್ದು ನಿಂತಳು. ಅವನನ್ನು ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಅರ್ಜಿಯನ್ನು ಮೇಜಿನಿಂದ ಎಳೆದುಕೊಂಡು ಮೆಟ್ಟಿಲಿಳಿದುಬಿಟ್ಟಳು. ಅವತ್ತು ಮಧ್ಯಾಹ್ನ ಮೆಷಿನ್‌ನಲ್ಲಿ ಮೂರು ಸೂಜಿ ಮುರಿದವು. ಯಾರ ಮೇಲಿನ ಸಿಟ್ಟನ್ನು ಆ ಬಡಪಾಯಿ ಮೆಷಿನ್ ಮೇಲೆ ತೀರಿಸ್ತಿದೀಯ ಎಂದು ಅಕ್ಕ ಕೇಳಿದಳು. ಸಣ್ಣಿ ನಾಲ್ಕನೇ ಸೂಜಿ ಹಾಕಿದಳು.

ಮಾರನೆಯ ದಿನ ಅವನು ಅಂಗಡಿಗೆ ಬಂದ. ಕೈಯಲ್ಲಿ ಅದೇ ಅಂಗಿ, ಮಡಿಸಿ ಹಿಡಿದಿದ್ದ.

"ಜೇಬು ಹೊಲಿಸ್ಬೇಕಿತ್ತು."

"ಬೇರೆ ಅಂಗಡಿ ಇದೆ." ಅವಳು ತಲೆ ಎತ್ತಲಿಲ್ಲ.

"ಎಲ್ಲಿ?"

"ರಸ್ತೆ ಆಚೆ. ದಾಟೋಕಾದ್ರೆ ದಾಟಿ ಹೋಗಿ."

ಅವನಿಗೆ ನಗು ಬಂತು. ಅವಳು ಕತ್ತರಿ ಹಿಡಿದಿದ್ದ ರೀತಿ ನೋಡಿ ನಗುವನ್ನು ಅಲ್ಲೇ ನುಂಗಿದ. ಮೆಟ್ಟಿಲ ಮೇಲೆ ನಿಂತೇ, ಗಾಡಿಯ ಒಳಗೆ ಮಲಗಿದವರ ಪಾಡು ನಿಮಗೆ ಗೊತ್ತಿಲ್ಲ ಎಂದ. ಶಾಲೆ ಬಿಡುವ ಮೂರೂವರೆಗೆ ಈ ಗೇಟಿನ ಪಾಡು ನಿಮಗೂ ಗೊತ್ತಿಲ್ಲ ಎಂದು ಅವಳು ಬಟ್ಟೆಗೆ ಹೇಳಿದಳು. ಸರಿ, ನಿಂತು ನೋಡುತ್ತೇನೆ ಎಂದ. ಆಮೇಲೆ ಸ್ವಲ್ಪ ತಡೆದು, "ನಾನು ಇಲ್ಲಿ ನಿಂತರೆ, ನೀವು ನನ್ನ ಗಾಡೀಲಿ ಒಂದ್ಸಲ ಮಲಗಿ ನೋಡ್ತೀರಾ?" ಎಂದ.

ಅವಳ ಕತ್ತರಿ ನಿಂತಿತು. ಆಡಿದ ಮಾತು ಅವನಿಗೇ ಕೇಳಿಸಿ ಕಿವಿಯವರೆಗೂ ಕೆಂಪೇರಿತು.

"ಅಂದ್ರೆ, ಸ್ಟ್ರೆಚರ್ ಮೇಲೆ. ಪೇಶೆಂಟ್ ಥರ. ಹಂಪು ಹೇಗಿರುತ್ತೆ ಅಂತ."

"ನಮ್ಮಕ್ಕನೂ ಬರ್ತಾಳೆ," ಎಂದಳು ಸಣ್ಣಿ, ಅದೇ ಗಡಸು ದನಿಯಲ್ಲಿ. ಅವಳ ಕಿವಿಯೂ ಬಿಸಿಯಾಗಿದ್ದು ಅವನಿಗೆ ಕಾಣಬಾರದೆಂದು ಪಕ್ಕಕ್ಕೆ ತಿರುಗಿದಳು. ತಿರುಗಿದ್ದರಿಂದಲೇ ಅದು ಕಾಣಿಸಿತು.

ಮಂಗಳವಾರ ಮೂರೂವರೆಗೆ ಅವನು ಗೇಟಿನ ಪಕ್ಕ ನಿಂತ. ಗಂಟೆ ಹೊಡೆಯಿತು. ಮಕ್ಕಳು ಒಮ್ಮೆಲೇ ಹೊರಗೆ ಸುರಿದರು. ಕಾರುಗಳು ಒಂದರ ಹಿಂದೊಂದು ಹಾರ್ನ್ ಹೊಡೆದವೇ ಹೊರತು ನಿಧಾನಿಸಲಿಲ್ಲ. ತನ್ನ ಬೆನ್ನಿಗಿಂತ ದೊಡ್ಡ ಬ್ಯಾಗಿನ ಒಂದು ಹುಡುಗಿ ರಸ್ತೆಗೆ ಕಾಲಿಟ್ಟಳು. ಆ ಕಡೆಯಿಂದ ಒಂದು ಕಪ್ಪು ಕಾರು ಬಂತು. ಅವನು ಬ್ಯಾಗಿನ ಪಟ್ಟಿ ಹಿಡಿದು ಹುಡುಗಿಯನ್ನು ಹಿಂದಕ್ಕೆ ಎಳೆದ. ಕಾರು ಅವಳ ಶೂ ತುದಿಗೆ ಗಾಳಿ ಬೀಸಿ ಹೋಯಿತು. ಒಳಗಿದ್ದವನು ತಿರುಗಿ ಸಹ ನೋಡಲಿಲ್ಲ.

ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ. ಸಣ್ಣಿ ನೀರು ಕೊಟ್ಟಳು. ಅವನು ಲೋಟ ಹಿಡಿದು, ಕುಡಿಯದೆ, ಆ ಹುಡುಗಿ ನಿಂತಿದ್ದ ಜಾಗವನ್ನೇ ನೋಡುತ್ತಿದ್ದ. ದಿನಾ ರಕ್ತ ನೋಡುವ ಕಣ್ಣು ಅದು. 'ಈಗ ಗೊತ್ತಾಯ್ತಾ?' ಎಂದು ಕೇಳಬೇಕೆಂದು ಅವಳು ಬೆಳಗಿನಿಂದ ಆ ಮಾತನ್ನು ಚೂಪು ಮಾಡಿ ಇಟ್ಟುಕೊಂಡಿದ್ದಳು. ಆ ಕಣ್ಣು ನೋಡಿ ಅದನ್ನು ಕೈಬಿಟ್ಟಳು. ಅವನು ನಿನ್ನೆ ಬಿಟ್ಟುಹೋಗಿದ್ದ ಅಂಗಿ ಎಳೆದುಕೊಂಡು ಜೇಬು ಹೊಲಿದಳು, ಒತ್ತೊತ್ತಾಗಿ, ಎರಡು ಸುತ್ತು. ಕೇಳದಿದ್ದರೂ ಮೂರನೇ ಗುಂಡಿ ಕಿತ್ತು ಬೇರೆ ಹಾಕಿದಳು.

"ಇನ್ನು ಪ್ರಾಣ ಹೋದ್ರೂ ಕಿತ್ತು ಬರಲ್ಲ," ಎಂದು ಅಂಗಿಯನ್ನು ಅವನ ಮಡಿಲಿಗೆ ಎಸೆದಳು.

"ಸಿಟ್ಟಲ್ಲಿ ಹೊಲಿದಿದ್ದು ಗಟ್ಟಿ ಇರುತ್ತೆ ಅನ್ಸುತ್ತೆ," ಎಂದ ಅವನು ಮೆಲ್ಲಗೆ.

ಬುಧವಾರ ಮಧ್ಯಾಹ್ನ ಗಾಡಿ ತೊಳೆಸಲು ಒಯ್ಯುವ ಹೊತ್ತಿಗೆ ಅಕ್ಕತಂಗಿಯರು ಹತ್ತಿದರು. ಅಕ್ಕ ಸ್ಟ್ರೆಚರ್ ಪಕ್ಕದ ಸೀಟಿನಲ್ಲಿ ಕೂತು, ಮದುವೆ ಹೆಣ್ಣನ್ನು ಹೂವಿನ ಕಾರಲ್ಲಿ ಕರ್ಕೊಂಡು ಹೋಗೋದು ನೋಡಿದೀನಿ, ಇದೊಂದು ನೋಡಿರಲಿಲ್ಲ ಎಂದು ಗೊಣಗಿದಳು. ಸಣ್ಣಿ ಅವಳ ಮೊಣಕಾಲಿಗೆ ಚಿವುಟಿ ಸ್ಟ್ರೆಚರ್ ಮೇಲೆ ಮಲಗಿದಳು. ಅವನು ಬೆಲ್ಟ್ ಬಿಗಿದ, ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಬಟ್ಟೆಯಷ್ಟೇ ಬೆರಳಿಗೆ ತಾಗುವ ಹಾಗೆ.

ಮೊದಲ ಹಂಪು ಬಂತು. ಮುಂದಿನ ಚಕ್ರ ಹತ್ತಿದಾಗ ತಲೆ ಮೇಲೆದ್ದಿತು. ಇಳಿದಾಗ ಸೊಂಟಕ್ಕೆ ಗುದ್ದು. ಸುಧಾರಿಸಿಕೊಳ್ಳುವಷ್ಟರಲ್ಲಿ ಹಿಂದಿನ ಚಕ್ರದ್ದು ಇನ್ನೊಂದು. ಗಟ್ಟಿ ಮೂಳೆಯ ಇಪ್ಪತ್ನಾಲ್ಕರ ಹುಡುಗಿಗೇ ಹಲ್ಲು ಕಚ್ಚುವ ಹಾಗಾಯಿತು. ಎರಡು, ಮೂರು, ನಾಲ್ಕು. ಅಮ್ಮನ ಸೊಂಟ ಎರಡು ತುಂಡಾಗಿತ್ತು. ಐದು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆರನೆಯದಕ್ಕೆ ನೀರು ರೆಪ್ಪೆಯ ಸಂದಿನಿಂದ ಕಿವಿಗೆ ಹರಿಯಿತು.

"ಸಣ್ಣೀ, ಕಣ್ಣು ಬಿಡೇ. ಏ ಸಣ್ಣೀ," ಎಂದು ಅಕ್ಕ ಗಾಬರಿಯಾದಳು.

ಗಾಡಿ ನಿಂತುಬಿಟ್ಟಿತು. ಅವನು ಇಳಿದು ಬಂದು ಹಿಂದಿನ ಬಾಗಿಲು ತೆರೆದ. ಮುಖ ಬಿಳಚಿಕೊಂಡಿತ್ತು.

"ಸಣ್ಣಿ ಅಂದ್ರೆ ನೀವಾ?"

ಮೂರು ತಿಂಗಳ ಹಿಂದೆ ಒಬ್ಬ ತಾಯಿಯನ್ನು ಹೀಗೆಯೇ ಕರೆದೊಯ್ದಿದ್ದೆ ಎಂದ. ಆಕೆ ದೇವರನ್ನು ಕರೆಯಲಿಲ್ಲ, ಅಯ್ಯೋ ಎನ್ನಲಿಲ್ಲ. ಒಂಬತ್ತು ಹಂಪಿಗೂ ಒಂಬತ್ತು ಸಲ ಸಣ್ಣೀ ಎಂದೇ ಕೂಗಿದರು. ಅವತ್ತಿನಿಂದ ಹಂಪು ಕಂಡರೆ ಅವನ ಕಿವಿಯಲ್ಲಿ ಆ ಹೆಸರೇ ಬರುತ್ತಿತ್ತು. ಸಭೆಯಲ್ಲಿ ಅವನು ಎದ್ದು ನಿಂತದ್ದೂ ಆ ಕೂಗಿಗಾಗಿಯೇ.

ಸಣ್ಣಿಗೆ ಅಳು ಹೆಚ್ಚಾಗಬೇಕಿತ್ತು. ಬಂದದ್ದು ಸಿಟ್ಟು. ಅಮ್ಮನಿಗೆ ಹೊಡೆದು ಓಡಿದವನ ಮೇಲೆ, ಪೇಟೆಗೆ ಹೋದ ತನ್ನ ಮೇಲೆ, ಮುಕ್ಕಾಲು ಗಂಟೆ ನಾಯಿಗೆ ಕೊಟ್ಟ ಸಭೆಯ ಮೇಲೆ. ಮತ್ತು ಒಂದೇ ಅಮ್ಮನಿಗಾಗಿ ತಾವಿಬ್ಬರೂ ಎದುರುಬದುರು ನಿಂತಿದ್ದೆವಲ್ಲ ಎಂಬುದರ ಮೇಲೆ.

ಸ್ಟ್ರೆಚರ್‌ನಿಂದ ಇಳಿದು ಗಾಡಿಯ ಪಕ್ಕ ಬಂದಳು. ಕುತ್ತಿಗೆಯ ಟೇಪು ತೆಗೆದು ಒಂದು ತುದಿ ಅವನ ಕೈಗೆ ತುರುಕಿದಳು.

"ಮುಂದಿನ ಚಕ್ರಕ್ಕೆ ಹಿಡ್ಕೊಳ್ಳಿ."

"ಯಾಕೆ?"

"ಹಿಡ್ಕೊಳ್ಳಿ ಅಂದೆ."

ಟೇಪು ಐದು ಅಡಿ. ಗಾಡಿ ಅದಕ್ಕಿಂತ ಉದ್ದ. ಟೇಪು ಮುಗಿದಲ್ಲಿ ಅವಳು ಬೆರಳೂರಿದಳು. ಅವನು ಕುಕ್ಕರಗಾಲಲ್ಲಿ ಸರಿದು ಬಂದು ಅದೇ ಗುರುತಿಗೆ ಹೆಬ್ಬೆರಳು ಒತ್ತಿದ. ಅವನ ಹೆಬ್ಬೆರಳು ಬರುವವರೆಗೆ ಅವಳು ಬೆರಳು ತೆಗೆಯುವಂತಿರಲಿಲ್ಲ. ಬಂದ ಮೇಲೂ ತೆಗೆಯಲು ಒಂದು ಗಳಿಗೆ ತಡವಾಯಿತು. ಹಿಂದಿನ ಚಕ್ರದವರೆಗೆ ಎರಡು ಟೇಪು, ಮೇಲೆ ಹನ್ನೆರಡು ಇಂಚು.

"ಹನ್ನೊಂದಡಿ," ಎಂದಳು. ಆಮೇಲೆ ಬಿಡಿಸಿ ಹೇಳಿದಳು. ತೋಳಿನ ಬಟ್ಟೆ ಹೆಚ್ಚಾದಾಗ ಒಂದೇ ಕಡೆ ಮಡಿಕೆ ಹಾಕಿದರೆ ಉಬ್ಬಿ ಕಾಣುತ್ತದೆ. ಉದ್ದಕ್ಕೂ ಹಂಚಿಬಿಟ್ಟರೆ ಗೊತ್ತೇ ಆಗುವುದಿಲ್ಲ. ಹಂಪೂ ಹಾಗೆ. ಗಾಡಿಯ ಮುಂದಿನ, ಹಿಂದಿನ ಎರಡೂ ಚಕ್ರ ಒಟ್ಟಿಗೆ ನಿಲ್ಲುವಷ್ಟು ಅಗಲದ ಕಟ್ಟೆ ಮಾಡಿ, ಎರಡೂ ಕಡೆ ಉದ್ದ ಇಳಿಜಾರು ಕೊಟ್ಟರೆ ಗಾಡಿ ಪೂರ್ತಿ ಹತ್ತಿ, ಆಮೇಲೆ ಇಳಿಯುತ್ತದೆ. ಮಕ್ಕಳು ಆ ಕಟ್ಟೆಯ ಮೇಲೇ ದಾಟಬಹುದು.

ಅವನು ಟೇಪು ಸುತ್ತಿ ಅವಳ ಕೈಗೆ ಕೊಟ್ಟ. ಆಸ್ಪತ್ರೆಯ ಬಾಗಿಲ ಮುಂದೆ ಇಂಥದೇ ಒಂದು ಕಟ್ಟೆ ಇದೆ ಎಂದ. ದಿನಾ ಹತ್ತಿ ಇಳಿಯುತ್ತೇನೆ, ಅಲ್ಲಿ ಯಾರೂ ಕೂಗಿದ್ದಿಲ್ಲ. ಜೋರಾಗಿ ಬಂದವನಿಗೆ ಮಾತ್ರ ತಲೆ ಚಾವಣಿಗೆ ಬಡಿಯುತ್ತದೆ.

"ಅಳತೆ ಮುಗೀತಾ, ಇನ್ನೂ ಇದೆಯಾ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

ಭಾನುವಾರ ಸಣ್ಣಿ ಚೌಕುಳಿ ಕಾಗದದ ಮೇಲೆ ಬರೆದ ಚಿತ್ರವನ್ನು ಮೇಜಿನ ಮೇಲಿಟ್ಟಳು. ಅಧ್ಯಕ್ಷರು ಅದನ್ನು ತಲೆಕೆಳಗಾಗಿ ನೋಡಿ ನಕ್ಕರು.

"ರಸ್ತೆ ಅಂದ್ರೆ ಲಂಗ ಹೊಲಿದ ಹಾಗಲ್ಲಮ್ಮ. ಎಷ್ಟನೇ ಕ್ಲಾಸು ಓದಿದೀಯ?"

ಒಂದಿಬ್ಬರು ನಕ್ಕರು. ಹಿಂದಿನ ಸಾಲಿನಲ್ಲಿ ಡ್ರೈವರ್ ಧಡಕ್ಕನೆ ಎದ್ದ. ಸಣ್ಣಿ ತಿರುಗಿದಳು.

"ನೀವು ಕೂತ್ಕೊಳ್ಳಿ. ಹೋದ ವಾರ ನೀವು ಮಾತಾಡಿದ್ದೇ ಸಾಕು."

ಅವನು ಕೂತ. ಈ ಸಲ ನಗು ಬೇರೆ ಥರ ಬಂತು. ಅವಳು ಮತ್ತೆ ಅಧ್ಯಕ್ಷರ ಕಡೆ ತಿರುಗಿದಳು.

"ಎಂಟನೇ ಕ್ಲಾಸು ಸರ್. ನೀವು ಹಾಕ್ಕೊಂಡಿರೋ ಪ್ಯಾಂಟು ನಾನೇ ಹೊಲಿದಿದ್ದು. ಅಳತೆ ತಪ್ಪಿದೆಯಾ ಹೇಳಿ. ನಾಯಿಗೆ ಮುಕ್ಕಾಲು ಗಂಟೆ ಕೊಟ್ರಿ, ನಮ್ಮಮ್ಮನಿಗೆ ಮೂರು ನಿಮಿಷ. ಅವತ್ತು ಇವರನ್ನ ಅಡ್ಡ ಇಟ್ಕೊಂಡು ಬೇಡ ಅಂದ್ರಿ. ಇವತ್ತು ಇವರೂ ಬೇಕು ಅಂತಿದಾರೆ. ಇನ್ನೂ ಯಾರಿಗೆ ಬೇಡವೋ ಅವರು ಕೈ ಎತ್ತಲಿ. ಕಾರ್ಯದರ್ಶಿಗಳು ಅವರ ಹೆಸರು ಪುಸ್ತಕದಲ್ಲಿ ಬರ್ಕೊಳ್ಳಲಿ. ನಾಳೆ ಆ ಗೇಟಿನ ಮುಂದೆ ಯಾರಿಗಾದ್ರೂ ಏನಾದ್ರೂ ಆದ್ರೆ, ಅವರ ಮನೆಯವರಿಗೆ ಆ ಪುಟ ನಾನೇ ಓದಿ ಹೇಳ್ತೀನಿ."

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು. ಒಂದು ಕೈಯೂ ಮೇಲೇಳಲಿಲ್ಲ. ಅಧ್ಯಕ್ಷರು ಕಾಗದವನ್ನು ಸರಿಯಾಗಿ ತಿರುಗಿಸಿಕೊಂಡು ಮತ್ತೊಮ್ಮೆ ನೋಡಿದರು. ರಸ್ತೆ ಇಲಾಖೆಗೆ ಇವತ್ತೇ ಪತ್ರ ಹೋಗಲಿ, ಚಿತ್ರವನ್ನೂ ಲಗತ್ತಿಸಿ ಎಂದರು.

ಮೆಟ್ಟಿಲಿಳಿದು ಇಬ್ಬರೂ ಶಾಲೆಯ ಮುಂದಿನವರೆಗೆ ನಡೆದರು. ಕೆಲಸ ಶುರುವಾಗಲು ಇನ್ನೂ ವಾರಗಳು ಬೇಕು. ಕಾರುಗಳು ಎಂದಿನಂತೆ ಹಾರುತ್ತಿದ್ದವು. ಸಣ್ಣಿ ಒಂದು ಕ್ಷಣ ನಿಂತಳು. ಆಮೇಲೆ ಸೀದಾ ರಸ್ತೆಯ ನಡುವೆ ಹೋಗಿ ಕೈ ಅಡ್ಡ ಹಿಡಿದಳು. ಬರುತ್ತಿದ್ದ ಕಾರು ಕಿರುಚಿ ನಿಂತಿತು. ಹಾರ್ನ್ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅವಳು ಕದಲಲಿಲ್ಲ.

"ಬನ್ನಿ," ಎಂದಳು ಅವನಿಗೆ. "ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಅವನು ಅವಳ ಪಕ್ಕ ಬಂದು ನಿಂತ. "ಅಮ್ಮನ ಹತ್ರ ನನ್ನ ಬಗ್ಗೆ ಏನಂತ ಹೇಳಿದೀರಿ?"

ಹಾರ್ನ್ ನಿಲ್ಲಲೆಂದು ಅವಳು ಕಾದಳು. ಕಾರಿನವನು ಸೋತು ಕೈ ತೆಗೆದ. ರಸ್ತೆ ಪೂರ್ತಿ ನಿಶ್ಶಬ್ದವಾಯಿತು.

"ಜನ್ಮದಲ್ಲಿ ಯಾರ ಮೇಲೂ ನನಗೆ ಇಷ್ಟು ಸಿಟ್ಟು ಬಂದಿಲ್ಲ ಅಂದೆ. ಅದಕ್ಕೆ ಅಮ್ಮ, ಹಾಗಾದ್ರೆ ಬೇಗ ಕರ್ಕೊಂಡು ಬಾ ಅಂದ್ರು."

ಅವನು ನಗಲಿಲ್ಲ. ತನ್ನ ಕೈಯನ್ನೂ ಎತ್ತಿ ಅವಳ ಕೈಯ ಪಕ್ಕ ಅಡ್ಡ ಹಿಡಿದ. ಹಿಂದೆ ಇನ್ನೂ ನಾಲ್ಕು ಕಾರು ಬಂದು ನಿಂತವು. ಇಬ್ಬರೂ ಅವಸರವಿಲ್ಲದೆ, ಆಚೆ ದಡದವರೆಗೂ ನಡೆದೇ ದಾಟಿದರು.