ಹುಳದ ಮನೆಯ ಕಾವು ಕದ್ದವರು

೧೯೫೭ನೇ ಇಸವಿ ಜನವರಿ. ಆ ಸಲ ಶಿಡ್ಲಘಟ್ಟದಲ್ಲಿ ಬಿದ್ದ ಚಳಿ ಹಿಮಾಲಯದಲ್ಲೂ ಬಿದ್ದಿರಲಿಲ್ಲ. ಠಾಣೆಯ ಮಸಿ ಗಡ್ಡೆ ಕಟ್ಟಿ, ದೂರುಗಳನ್ನು ಚಾಕುವಿನಲ್ಲಿ ಕೊರೆದು ಬರೆಯಬೇಕಾಗಿತ್ತು. ಅಂಥದ್ದೊಂದು ಬೆಳಗ್ಗೆ ಪಕ್ಕದ ಹಳ್ಳಿಯ ವರಲಕ್ಷ್ಮಮ್ಮ ಒಳಗೆ ನುಗ್ಗಿದರು.

"ರೇಷ್ಮೆ ಹುಳದ ಮನೇಲಿಟ್ಟಿದ್ದ ಇದ್ದಿಲ ಒಲೆ, ಕಂಬಳಿ ಎರಡೂ ಮಾಯ ಸಾಮಿ! ಹುಳ ಮರಗಟ್ಟಿ ಸೊಪ್ಪೇ ಮುಟ್ತಿಲ್ಲ. ಇವತ್ತು ಕಾವು ಸಿಗ್ದಿದ್ರೆ ಬೆಳೆಯೆಲ್ಲಾ ತಿಪ್ಪೆಗೆ!"

ಇನ್‌ಸ್ಪೆಕ್ಟರ್ ಚೆನ್ನರಾಯಪ್ಪ ಎಫ್.ಐ.ಆರ್. ದಾಖಲಿಸಿದರು. ಅವರು ಜಟಕಾ ಹತ್ತಿದರೆ ಕುದುರೆಯೇ ನೆಲ ಬಿಟ್ಟು ಮೇಲೇಳುತ್ತಿತ್ತು. ಆ ಚಳಿಯಲ್ಲೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಕಾನ್‌ಸ್ಟೇಬಲ್ ಆವಲಪ್ಪನೋ ಬರೀ ಎಲುಬು. ಸಮವಸ್ತ್ರದ ಮೇಲೆ ಹೆಂಡತಿಯ ಶಾಲೂ ಸುತ್ತಿದ್ದ.

ನೆರೆಮನೆಯ ಮುನಿಶಾಮಪ್ಪನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಹುಳದ ಮನೆಯ ಪಂಚನಾಮೆ ನಡೆಯಿತು. ಹಿತ್ತಲಲ್ಲಿ ಚೆಲ್ಲಿದ್ದ ಬೂದಿಯ ಜಾಡು ಓಣಿಯಲ್ಲಿ ಅಳಿಸಿಹೋಗಿತ್ತು.

"ಓಣೀಲಿ ಯಾರ್ಯಾರು ನಡುಗ್ತಾರೋ ಎಲ್ಲಾರ್ನೂ ಹಿಡಿಯಣ ಸಾರ್," ಎಂದ ಆವಲಪ್ಪ.

"ಹಂಗಾದ್ರೆ ಮೊದಲ್ನೇ ಬೇಡಿ ನಿಂಗೇ ಕಣಯ್ಯ. ಲೋಟದ ನೀರು ಬೇಗ ಆರ್ತದೆ, ಹಂಡೆ ನೀರು ಆರಲ್ಲ. ನೀನು ಲೋಟ, ನಾನು ಹಂಡೆ. ಮೇಲೆ ಕೊಬ್ಬಿನ ಹೊದಿಕೆ ಬೇರೆ, ಒಳಗಿನ ಕಾವು ಹೊರಕ್ಕೇ ಹೋಗಲ್ಲ. ಇನ್ನೊಂಚೂರು ಬಿಸಿ ತಾಗಿದ್ರೂ ಬೆವರಿಳೀತದೆ. ನಡಿ, ಬಾಗಿಲು ಬಾಗಿಲಿಗೂ ನಿಂತು ನೋಡಣ."

ಒಲೆ ಆರಿಸಿ ಜನ ಹೊಲಕ್ಕೆ ಹೋಗಿದ್ದ ಹೊತ್ತು. ಎಲ್ಲ ಬಾಗಿಲಲ್ಲೂ ಇನ್‌ಸ್ಪೆಕ್ಟರ್ ಒಣಗಿಯೇ ನಿಂತರು. ಅಕ್ಕಯಮ್ಮನ ಗುಡಿಸಲ ಮುಂದೆ ಮಾತ್ರ ಧಾರಾಕಾರ! ಆ ಬೆವರಿನಲ್ಲಿ ಎರಡೆಕರೆ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಬಹುದಿತ್ತು.

ಒಳಗೆ ಒಲೆ ನಿಗಿನಿಗಿ ಉರಿಯುತ್ತಿತ್ತು. ಅಕ್ಕಯಮ್ಮನ ಮಗಳು ಶಾಂತಕುಮಾರಿಯ ಮಗ್ಗುಲಲ್ಲಿ, ಕಂಬಳಿಯೊಳಗೆ, ಅಂಗೈಯಷ್ಟು ಕೂಸು.

"ಯಾವಾಗ ಹುಟ್ಟಿದ್ದು?"

"ಮೊನ್ನೆ ಸಾಮಿ. ಎಂಟು ತಿಂಗ್ಳಿಗೇ," ಎಂದಳು ಅಕ್ಕಯಮ್ಮ.

ಆವಲಪ್ಪ ಮಾಲು ಜಪ್ತಿಗೆಂದು ಒಲೆಗೆ ಕೈಹಾಕಿದ.

"ಮುಟ್ಬೇಡ! ಈ ಕೂಸು ಲೋಟಾನೂ ಅಲ್ಲಯ್ಯ, ತೀರ್ಥದ ಉದ್ಧರಣೆ. ಚಿಟಿಕೆ ಹೊಡೆಯೋದ್ರೊಳಗೆ ಆರೋಗ್ತದೆ."

"ಕೇಳ್ಬಾರ್ದಿತ್ತೇನೇ?" ಎಂದರು ಹಿಂದೆಯೇ ಬಂದಿದ್ದ ವರಲಕ್ಷ್ಮಮ್ಮ.

"ಪುರುಡಿನ ಮನೆಯೋಳು ಹುಳದ ಮನೆ ಹತ್ರ ಸುಳೀಬಾರ್ದು ಅಂತ ನೀವೇ ಅಲ್ವೇನಮ್ಮ ಅಟ್ಟೋದು?"

"ಮತ್ತೆ ಒಳಕ್ಕೇ ನುಗ್ಗಿದ್ಯಲ್ಲೇ! ಅಯ್ಯೋ, ನನ್ನ ಹುಳ!"

"ಹುಳ ಸತ್ತಾವಾ?" ಎಂದರು ಇನ್‌ಸ್ಪೆಕ್ಟರ್.

"ಇಲ್ಲ... ಚಳಿಗೆ ಸುಮ್ನಾಗವೆ, ಅಷ್ಟೆ."

"ಪುರುಡು ಒಳಗೆ ಹೋಗಿ ಬಂದಾಯ್ತಲ್ಲಮ್ಮ."

ವರಲಕ್ಷ್ಮಮ್ಮ ಕೂಸನ್ನೇ ನೋಡಿದರು. ಆಮೇಲೆ ಕಂಬಳಿ ಸಮೇತ ಅದನ್ನೆತ್ತಿ ತಮ್ಮ ವಿಶಾಲವಾದ ಎದೆಗೆ ಒತ್ತಿಕೊಂಡರು. "ಏಳೇ ಶಾಂತಾ. ಆವಲಪ್ಪ, ಒಲೆ ಎತ್ಕಳಪ್ಪ. ಹುಳ, ಕೂಸು ಎರಡೂ ಒಂದೇ ಮನೇಲಿ ಬೆಚ್ಚಗಿರ್ಲಿ."

ಮಧ್ಯಾಹ್ನದ ಹೊತ್ತಿಗೆ ಹುಳಗಳು ಸೊಪ್ಪು ಕಡಿಯುವ ಸದ್ದು ಚಿಂತಾಮಣಿಯವರೆಗೂ ಕೇಳಿಸಿತು.

ಕಾನೂನಿನಂತೆ ಅಕ್ಕಯಮ್ಮನ ದಸ್ತಗಿರಿಯಾಯಿತು. ಜಾಮೀನಿಗೆ ನಿಂತವರು ಫಿರ್ಯಾದಿಯೇ. ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಅಕ್ಕಯಮ್ಮ ಮೆಲ್ಲಗೆ ಅಂದಳು: "ಮಗಳ ಹೋದ ಸಲದ ಕೂಸೂ ಹಿಂಗೇ ಚಳೀಲೇ ಹುಟ್ತು ಸಾಮಿ. ಆವಾಗ ನಾನು ಕಟ್ಟುಪಾಡು ಮೀರಲಿಲ್ಲ."